ಚಳಿಗೊಂದು ಹೊದಿಕೆ, ನಾಚಿಕೆಗೊಂದು
(ಬಾನುಲಿ ಭಾಷಣ)



ಬಳ್ಳಾರಿ ಸೀಮೆಯವನೊಬ್ಬ ಚಳಿಯನ್ನು ಕುರಿತು ಮಾತನಾಡಲು ಕುಳಿತನೆಂದರೆ ಕೇಳುವವರಿಗೆ ನಗು ಬರುವುದು ಸಹಜ. ನಮ್ಮಲ್ಲಿರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂಬ ವಿನೋದ ಬಹಳ ಹಳೆಯದು. ಆದರೆ ಬಯಲನ್ನು ದಾಟಿ ಸಂಡೂರಿನ ಕಣಿವೆಯೊಳಗೆ ಕಾಲಿಟ್ಟವರಿಗೆ ಈ ವಿನೋದದಲ್ಲಿ ಅರ್ಧವಷ್ಟೇ ಸತ್ಯವೆಂದು ತಿಳಿಯುತ್ತದೆ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿಯವರು ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಹೇಳಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಸೆಪ್ಟೆಂಬರಿನ ಹಸಿರನ್ನು ಹೊಗಳಿದವರು ಅನೇಕರು. ಡಿಸೆಂಬರಿನ ಬೆಳಗಿನ ಐದೂವರೆ ಗಂಟೆಯನ್ನು ಹೊಗಳಿದವರನ್ನು ಮಾತ್ರ ನಾನು ಕಂಡಿಲ್ಲ. ಆ ಹೊತ್ತಿನ ಪರಿಚಯ ನನಗೆ ಆದದ್ದು ಸೈಕಲ್ಲಿನ ಮೇಲೆ. ಅದೂ ನನ್ನ ದೇಹದ ತೂಕ ನೂರಾರು ಕಿಲೋ ಇದ್ದಾಗ.

ಈ ‘ನೂರಾರು’ ಎಂಬುದನ್ನು ನೂರರ ಮೇಲೆ ಆರು ಎಂದು ತಿಳಿಯಬೇಕಾಗಿ ಪ್ರಾರ್ಥನೆ.

ನಾನು ದೋಣಿಮಲೈಯವನು. 1977ರಲ್ಲಿ ಇಲ್ಲಿ ಕಬ್ಬಿಣದ ಅದಿರಿನ ಗಣಿ ಕೆಲಸ ಆರಂಭಿಸಿತು. ಅದರೊಡನೆ ಕೂಲಿಕಾರರು, ಗುಮಾಸ್ತರು, ಎಂಜಿನಿಯರುಗಳು ನಾನಾ ಕಡೆಗಳಿಂದ ಬಂದು ನೆಲಸಿದರು. ಬೆಟ್ಟದ ಮೇಲೆ ದುಡಿದವರ ಮೈ ಕಬ್ಬಿಣದಂತಾಯಿತು. ಕಚೇರಿಯ ಕುರ್ಚಿಯಲ್ಲಿ ಮೂವತ್ತು ವರ್ಷ ಕುಳಿತ ನನ್ನಂಥವರ ಮೈ ಬೆಣ್ಣೆಯಂತಾಯಿತು. ಕೊನೆಗೊಂದು ದಿನ ವೈದ್ಯರು ರಕ್ತದ ವರದಿಯನ್ನು ಮುಂದಿಟ್ಟು, ಸಕ್ಕರೆ ಹೆಚ್ಚಾಗಿದೆ, ಒತ್ತಡವೂ ಏರಿದೆ, ಇನ್ನು ಮೈ ಅಲುಗಿಸದಿದ್ದರೆ ಆಗದು ಎಂದರು. ನಡೆಯೋಣವೆಂದರೆ ಮೊಣಕಾಲುಗಳು ಒಪ್ಪಲಿಲ್ಲ. ಹಾಗಾದರೆ ಸೈಕಲ್ ತುಳಿಯಿರಿ, ಭಾರವನ್ನು ಸೀಟು ಹೊರುತ್ತದೆ, ಮೊಣಕಾಲಿಗೆ ನೋವು ಕಡಿಮೆ ಎಂದು ಅವರೇ ದಾರಿ ತೋರಿಸಿದರು.

ಚಿಕ್ಕಂದಿನಲ್ಲಿ ಒಳಪೆಡಲು ತುಳಿದು ಕಲಿತ ವಿದ್ಯೆ ಮರೆತಿರಲಿಲ್ಲ. ಮನೆಯ ಹಿಂದೆ ನಿಂತಿದ್ದ ಹಳೆಯ ಕಪ್ಪು ಸೈಕಲ್ಲಿಗೆ ಎಣ್ಣೆ ಹಾಕಿಸಿದೆ. ಈ ಭಾರವನ್ನು ಇದು ತಡೆದೀತೆ ಎಂಬ ಸಂಶಯಕ್ಕೆ ರಿಪೇರಿಯವನು ಹಿಂದಿನ ಗಾಲಿಯ ಕಡ್ಡಿಗಳನ್ನು ಎಣಿಸಿ ತೋರಿಸಿದ. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಅಕ್ಕಿಯ ಮೂಟೆ, ಹಾಲಿನ ಕ್ಯಾನು, ಮೇಲೆ ಒಬ್ಬ ಮನುಷ್ಯ, ಇಷ್ಟನ್ನೂ ಹೊತ್ತ ಜಾತಿಯ ಗಾಲಿ ಅದು. ಕಡ್ಡಿಗಳು ಬಿಗಿಯಾಗಿರಬೇಕು, ಟೈರಿಗೆ ಗಾಳಿ ತುಂಬಿರಬೇಕು, ಬ್ರೇಕಿನ ರಬ್ಬರು ಸವೆದಿರಬಾರದು. ಇಷ್ಟಾದರೆ ಸೈಕಲ್ಲು ಯಾರ ತೂಕವನ್ನೂ ಕೇಳುವುದಿಲ್ಲ.

ಕೇಳುವವರು ಜನ. ಕನಿಷ್ಠಪಕ್ಷ ನಾನು ಹಾಗೆಂದು ಭಾವಿಸಿದ್ದೆ. ದಪ್ಪನೆಯ ಮನುಷ್ಯ ಸೈಕಲ್ಲೇರಿದರೆ ಅದು ಬೀದಿಗೆ ಸರ್ಕಸ್ಸು ಬಂದಂತೆ ಎಂದು ಮನಸ್ಸು ಹೇಳಿತು. ಆದ್ದರಿಂದ ನಾನು ಯಾರೂ ಏಳದ ಐದೂವರೆ ಗಂಟೆಯನ್ನು ಆರಿಸಿಕೊಂಡೆ. ಹೊಟ್ಟೆ ಕಾಣದಿರಲೆಂದು ಮೊಣಕಾಲಿನವರೆಗೆ ಬರುವ ಬೂದುಬಣ್ಣದ ದಪ್ಪ ಕೋಟನ್ನು ತೊಟ್ಟೆ. ಅದರೊಳಗೆ ಹತ್ತಿಯ ಬನಿಯನ್ನು, ಅಂಗಿ, ಸ್ವೆಟರು. ತಲೆಗೆ ಮಂಕಿ ಟೋಪಿ. ಚಳಿಗಾಗಿ ಎಂದು ಮನೆಯವಳಿಗೆ ಹೇಳಿದೆ. ನಿಜ ಸಂಗತಿ ಈಗ ನಿಮಗೆ ಹೇಳುತ್ತಿದ್ದೇನೆ.

ಸೂರ್ಯೋದಯದ ಆಸುಪಾಸಿನ ಹೊತ್ತೇ ಇಡೀ ದಿನದಲ್ಲಿ ಅತಿ ಹೆಚ್ಚು ಚಳಿಯ ಹೊತ್ತು. ರಾತ್ರಿಯೆಲ್ಲ ನೆಲ ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿರುತ್ತದೆ. ತಣ್ಣನೆಯ ಗಾಳಿ ಭಾರವಾದದ್ದರಿಂದ ಬೆಟ್ಟದ ಇಳಿಜಾರಿನಿಂದ ನೀರಿನಂತೆ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಸುತ್ತ ಬೆಟ್ಟಗಳ ಗೋಡೆಯಿರುವ, ಭೀಮಗಂಡಿ, ಓಬಳಗಂಡಿಗಳಂಥ ಕಿರಿದಾದ ಬಾಯಿಗಳಷ್ಟೇ ಇರುವ ಸಂಡೂರಿನ ಕಣಿವೆ ಇಂಥ ಗಾಳಿಗೆ ಒಳ್ಳೆಯ ಪಾತ್ರೆ. ನನ್ನ ಉಷ್ಣಮಾಪಕ 13, 14 ಡಿಗ್ರಿ ತೋರಿಸುತ್ತಿತ್ತು. ಕಾಶ್ಮೀರದವರಿಗೆ ಇದು ಚಳಿಯೇ ಅಲ್ಲದಿರಬಹುದು. ಆದರೆ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸೈಕಲ್ ಓಡಿದರೆ, ಎಲೆ ಅಲುಗದ ಬೆಳಗಿನಲ್ಲೂ ಸವಾರನ ಎದೆಗೆ ಗಂಟೆಗೆ 20 ಕಿಲೋಮೀಟರ್ ವೇಗದ ಗಾಳಿ ಬಡಿಯುತ್ತದೆ. ಮೈ ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ.

ನನ್ನ ಮೈ ಒದ್ದೆಯಾಗಿತ್ತು. ಏಕೆಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. ಸೈಕಲ್ಲಿನ ತೂಕ 20 ಕಿಲೋ ಎಂದಿಟ್ಟುಕೊಳ್ಳಿ. 60 ಕಿಲೋದ ಸವಾರ ಏರು ಹತ್ತುವಾಗ 80 ಕಿಲೋವನ್ನು ಮೇಲೆತ್ತುತ್ತಾನೆ; 100 ಕಿಲೋದವನು 120ನ್ನು ಎತ್ತುತ್ತಾನೆ. ಅಂದರೆ ಒಂದೂವರೆ ಪಟ್ಟು ದುಡಿಮೆ. ನಮ್ಮ ಸ್ನಾಯುಗಳು ಖರ್ಚು ಮಾಡುವ ಶಕ್ತಿಯಲ್ಲಿ ಕೆಲಸಕ್ಕೆ ಬರುವುದು ಹೆಚ್ಚೆಂದರೆ ಕಾಲುಭಾಗ, ಉಳಿದ ಮುಕ್ಕಾಲು ಭಾಗ ಬರಿಯ ಕಾವು. ಹೀಗೆ ಕಾವು ಒಂದೂವರೆ ಪಟ್ಟಾದರೂ, ಎತ್ತರ ಒಂದೇ ಆಗಿದ್ದಲ್ಲಿ, ಅದನ್ನು ಹೊರಹಾಕುವ ಚರ್ಮದ ವಿಸ್ತಾರ ಒಂದೂಕಾಲು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಅದರ ಮೇಲೆ ಕೊಬ್ಬು ಬೇರೆ, ಹುಟ್ಟಾ ತೊಟ್ಟ ಸ್ವೆಟರಿನಂತೆ. ಆದ್ದರಿಂದ ದಪ್ಪನೆಯವನು ಏರಿನಲ್ಲಿ ಎಲ್ಲರಿಗಿಂತ ಮೊದಲು ಬೆವರುತ್ತಾನೆ, ಎಲ್ಲರಿಗಿಂತ ಹೆಚ್ಚು ಬೆವರುತ್ತಾನೆ. ಇಳಿಜಾರು ಬಂದಾಗ ಕಾಲಿಗೆ ಕೆಲಸವಿಲ್ಲ, ಕಾವು ನಿಂತುಹೋಗುತ್ತದೆ. ಭಾರದಿಂದಾಗಿ ವೇಗ ಮಾತ್ರ ಬೇರೆಯವರಿಗಿಂತ ಹೆಚ್ಚು. ಒದ್ದೆ ಬನಿಯನ್ನು ಆಗ ಮಂಜುಗಡ್ಡೆಯ ಪಟ್ಟಿಯಾಗುತ್ತದೆ.

ಹೀಗೊಂದು ಬೆಳಿಗ್ಗೆ ಏರನ್ನು ಮುಗಿಸಿ ಇಳಿಯುತ್ತಿದ್ದೆ. ಕೈಗೆ ಗವಸು ಇರಲಿಲ್ಲ. ತಗ್ಗಿನ ತಣ್ಣನೆಯ ಗಾಳಿಯೊಳಗೆ ಸೈಕಲ್ಲು ನುಗ್ಗಿದಾಗ ಮೈಯೆಲ್ಲ ನಡುಗಿತು. ತಿರುವಿನಲ್ಲಿ ಅದಿರಿನ ಲಾರಿಯೊಂದರ ಬೆಳಕು ಕಂಡಿತು. ಬ್ರೇಕು ಹಿಡಿಯಬೇಕೆಂದರೆ ಬೆರಳುಗಳು ಮರಗಟ್ಟಿದ್ದವು. ಅವು ನನ್ನವೇ ಎನಿಸಲಿಲ್ಲ. ಹೇಗೋ ರಸ್ತೆಯ ಪಕ್ಕದ ಕೆಂಪು ಮಣ್ಣಿಗೆ ಸೈಕಲ್ಲನ್ನು ಇಳಿಸಿ ಬಿದ್ದೆ. ಲಾರಿಯವನು ನಿಲ್ಲಿಸಲಿಲ್ಲ. ಅವನ ತಪ್ಪೇನೂ ಇರಲಿಲ್ಲ. ಬೂದುಬಣ್ಣದ ಕೋಟು ತೊಟ್ಟು ಕತ್ತಲಲ್ಲಿ ಬಂದವನು ಅವನಿಗೆ ಕಂಡಿದ್ದರೆ ತಾನೆ? ಯಾರ ಕಣ್ಣಿಗೂ ಬೀಳಬಾರದೆಂಬ ನನ್ನ ಪ್ರಯತ್ನ ಅಷ್ಟರಮಟ್ಟಿಗೆ ಸಫಲವಾಗಿತ್ತು.

ನನ್ನನ್ನು ಎಬ್ಬಿಸಿದವನು ಮಂದೆಯ ಜೊತೆ ಬರುತ್ತಿದ್ದ ಮುದುಕ ಕುರುಬ. ನನ್ನ ಬೆವರು, ನನ್ನ ನಡುಕ ಎರಡನ್ನೂ ನೋಡಿ ಅವನು ಕೇಳಿದ: “ಏನ್ರೀ ಯಜಮಾನ್ರ, ಏರು ಹತ್ತೋವಾಗ ಯಾರನ ಕಂಬಳಿ ಹೊದೀತಾರೇನ್ರೀ?” ಆಗ ನೋಡಿದೆ, ಅವನ ಕರಿಯ ಕಂಬಳಿ ಹೆಗಲ ಮೇಲಿತ್ತು. ನಿಂತು ಮಾತನಾಡುತ್ತ ಅವನು ಅದನ್ನು ಬಿಡಿಸಿ ಕೊಪ್ಪೆಯಂತೆ ತಲೆಯ ಮೇಲಿಂದ ಇಳಿಬಿಟ್ಟುಕೊಂಡ. ಕುರಿಗಳು ಮುಂದೆ ಸಾಗಿದಾಗ ಮತ್ತೆ ಮಡಿಸಿ ಹೆಗಲಿಗೆ ಹಾಕಿಕೊಂಡು ನಡೆದ.

ಚಳಿಗಾಲದ ಸೈಕಲ್ ಸವಾರಿಯ ಶಾಸ್ತ್ರವೆಲ್ಲ ಆ ಮಡಿಸುವುದು, ಬಿಚ್ಚುವುದರಲ್ಲೇ ಇದೆ. ದುಡಿಯುವಾಗ ಕಳೆ, ನಿಂತಾಗ ಹೊದೆ. ಹೊರಟಾಗ ತುಸು ಚಳಿಯೆನಿಸಬೇಕು. ಮನೆಯ ಬಾಗಿಲಲ್ಲೇ ಬೆಚ್ಚಗಿದ್ದವನು ಮೊದಲ ಏರಿನಲ್ಲೇ ತೋಯ್ದುಹೋಗುತ್ತಾನೆ. ಒಂದು ದಪ್ಪ ಕೋಟಿಗಿಂತ ಮೂರು ತೆಳುವಾದ ಉಡುಪು ಲೇಸು. ಮೈಗೆ ತಾಗುವುದು ತೆಳು ಉಣ್ಣೆಯದೋ, ಬೆವರನ್ನು ಹೊರಕ್ಕೆ ದಾಟಿಸುವ ಕೃತಕ ನೂಲಿನದೋ ಆಗಿರಲಿ. ಹತ್ತಿ ಬೇಸಿಗೆಯಲ್ಲಿ ಬಂಧು, ಚಳಿಯಲ್ಲಿ ಅಲ್ಲ. ಹೀರಿದ ಬೆವರನ್ನು ಅದು ಸುಲಭವಾಗಿ ಬಿಡುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹಿಡಿದಿಟ್ಟೂ ಚರ್ಮಕ್ಕೆ ಒದ್ದೆಯೆನಿಸದು. 1880ರ ದಶಕದಲ್ಲಿ ಜರ್ಮನಿಯ ಡಾಕ್ಟರ್ ಗುಸ್ತಾವ್ ಯೇಗರ್ ಮೈಗೆ ಉಣ್ಣೆಯನ್ನೇ ತೊಡಬೇಕೆಂದು ಪ್ರಚಾರ ಮಾಡಿದ. ನಮ್ಮ ಕುರುಬರಿಗೆ ಅವನ ಪ್ರಚಾರ ಬೇಕಾಗಿರಲಿಲ್ಲ.

ಎರಡನೆಯದು ಮುಂದೆ ಪೂರ್ತಿ ತೆರೆಯಬಹುದಾದ ಸ್ವೆಟರು. ಮೂರನೆಯದು ಗಾಳಿಯನ್ನು ತಡೆಯುವ, ಮಡಿಸಿದರೆ ಜೇಬಿನಲ್ಲಿ ಹಿಡಿಯುವ ತೆಳು ಜಾಕೀಟು. ಅದು ಏರಿನಲ್ಲಿ ಜೇಬಿನಲ್ಲಿರಲಿ, ಇಳಿಜಾರಿನಲ್ಲಿ ಮೈಮೇಲಿರಲಿ. ಅದೂ ಇಲ್ಲದಿದ್ದರೆ ಎದೆಗೆ ಹಳೆಯ ಪತ್ರಿಕೆ ಸಾಕು. ಫ್ರಾನ್ಸಿನ ಮಹಾ ಸೈಕಲ್ ಪಂದ್ಯದಲ್ಲಿ ಹಿಂದಿನ ಕಾಲದ ಸವಾರರು ಕಣಿವೆಗಿಳಿಯುವ ಮುನ್ನ ದಾರಿಬದಿಯವರಿಂದ ವೃತ್ತಪತ್ರಿಕೆ ಪಡೆದು ಅಂಗಿಯೊಳಗೆ ತುರುಕಿಕೊಳ್ಳುತ್ತಿದ್ದರು. ಸಾಹಿತ್ಯ ಎದೆಯನ್ನು ಬೆಚ್ಚಗಿಡುತ್ತದೆಂಬ ಮಾತಿಗೆ ಇದಕ್ಕಿಂತ ನೇರವಾದ ಪ್ರಮಾಣ ನನಗೆ ಸಿಕ್ಕಿಲ್ಲ.

ಚಳಿ ಎಂಥ ಗಟ್ಟಿಗನನ್ನೂ ಬಿಡದು. 1910ರ ಮಿಲಾನ್–ಸಾನ್ ರೆಮೊ ಪಂದ್ಯದಲ್ಲಿ ಹಿಮಪಾತಕ್ಕೆ ಸಿಕ್ಕ ಯೂಜೀನ್ ಕ್ರಿಸ್ತೋಫ್‌ನನ್ನು ಒಬ್ಬ ಛತ್ರದವನು ಒಳಗೆ ಕರೆದು, ಕಂಬಳಿ ಹೊದಿಸಿ, ಒಣಗಿದ ಷರಾಯಿ ಕೊಟ್ಟು ಕಾಪಾಡಿದ. ಕ್ರಿಸ್ತೋಫ್ ಪಂದ್ಯ ಗೆದ್ದ. ಆಮೇಲೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಅವನನ್ನು ಉಳಿಸಿದ್ದು ಒಣಬಟ್ಟೆ ಎಂಬುದನ್ನು ನೆನಪಿಡೋಣ.

ಇನ್ನು ದಪ್ಪನೆಯವರ ವಿಶೇಷ ತೊಂದರೆಗಳು. ಸಿದ್ಧ ಉಡುಪಿನ ಅಂಗಡಿಗಳಲ್ಲಿ ನಮ್ಮ ಅಳತೆ ಸಿಕ್ಕುವುದು ಕಷ್ಟ. ಸಿಕ್ಕರೂ ಹ್ಯಾಂಡಲಿಗೆ ಬಾಗಿದಾಗ ಹಿಂದೆ ಸೊಂಟ ಬಯಲಾಗುತ್ತದೆ. ನಾನು ದರ್ಜಿಯ ಬಳಿ ಹೋದೆ. ಬೆನ್ನು ನಾಲ್ಕು ಬೆರಳು ಉದ್ದ, ತೋಳು ಎರಡು ಬೆರಳು ಉದ್ದ ಇರಬೇಕೆಂದೆ. ಹೊಟ್ಟೆಯ ಅಳತೆಗೆ ಟೇಪು ಸುತ್ತಿದಾಗ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದೆ. “ಉಸಿರು ಬಿಡ್ರಿ ಸರ, ಅಂಗಿ ಹೊಲಿಯೋದು ನಿಮಗ” ಎಂದ ಅವನು. ಜೀವಮಾನವಿಡೀ ನಾನು ಬಿಗಿಯಾದ ಅಂಗಿಗಳನ್ನೇ ಏಕೆ ತೊಟ್ಟೆನೆಂಬುದು ಆಗ ತಿಳಿಯಿತು. ಬಳ್ಳಾರಿ ಜೀನ್ಸಿಗೆ ಹೆಸರಾದ ಊರು. ಆದರೆ ಸವಾರಿಗೆ ಅದು ಬೇಡ. ಅದರ ದಪ್ಪ ಹೊಲಿಗೆ ತೊಡೆಯನ್ನು ಉಜ್ಜಿ ಹುಣ್ಣು ಮಾಡುತ್ತದೆ, ಒದ್ದೆಯಾದರೆ ಬೇಗ ಒಣಗದು. ಹೊಲಿಗೆ ತಾಗದ, ಹೆಗಲಪಟ್ಟಿಯಿಂದ ನಿಲ್ಲುವ ಚಡ್ಡಿ ಒಳಗಿದ್ದರೆ ಸೊಂಟದ ದಾರ ಹೊಟ್ಟೆಯನ್ನು ಕೊಯ್ಯುವುದಿಲ್ಲ. ತೊಡೆಗಳ ನಡುವೆ ಸ್ವಲ್ಪ ವ್ಯಾಸಲಿನ್ ಸವರಿಕೊಂಡರೆ ಒಳ್ಳೆಯದು. ಕೈಗೆ ಗವಸು ಕಡ್ಡಾಯ; ಕಾರಣವನ್ನು ಆಗಲೇ ಹೇಳಿದ್ದೇನೆ.

ಬಣ್ಣದ ವಿಷಯಕ್ಕೆ ನಮ್ಮ ಲಂಬಾಣಿ ಹೆಂಗಸರೇ ಗುರುಗಳು. 2010ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿ. ಆ ಕೆಂಪು, ಆ ಹಳದಿ, ನಡುವೆ ಕನ್ನಡಿಯ ಬಿಲ್ಲೆಗಳು. ಮಸುಕಿನಲ್ಲೂ ಎದುರು ಬರುವ ದೀಪಕ್ಕೆ ಥಟ್ಟನೆ ಮಿಂಚುತ್ತವೆ. ದೇಹವನ್ನು ಸಣ್ಣಗೆ ತೋರಿಸಲೆಂದು ನಾವು ಕಪ್ಪು, ಬೂದು ತೊಡುತ್ತೇವೆ. ರಸ್ತೆಯಲ್ಲಿ ಸಣ್ಣಗೆ ಕಾಣುವುದು ಅಪಾಯ.

ಆರೋಗ್ಯದ ಮಾತು ಎರಡೇ. ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕೋಚಗೊಂಡು ಒತ್ತಡ ಏರುತ್ತದೆ. ಹೃದಯಾಘಾತಗಳು ಬೆಳಗಿನ ಹೊತ್ತಿನಲ್ಲೇ ಹೆಚ್ಚು. ಆದ್ದರಿಂದ ವೈದ್ಯರನ್ನು ಕೇಳದೆ ಹೊರಡಬಾರದು. ಮೊದಲ ಹತ್ತು ನಿಮಿಷ ನಿಧಾನವಾಗಿ ತುಳಿಯಬೇಕು. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಎದೆ ಬಿಗಿದರೆ, ನೋವು ತೋಳಿಗೋ ದವಡೆಗೋ ಹರಿದರೆ ಅಲ್ಲೇ ಇಳಿದು ಸಹಾಯ ಕೇಳಬೇಕು, ಸಂಕೋಚ ಕೂಡದು. ಚಳಿಯಲ್ಲಿ ಬಾಯಾರಿಕೆ ತಿಳಿಯದು. ಆದರೂ ನೀರು ಕುಡಿಯಬೇಕು. ಸಕ್ಕರೆ ರೋಗಕ್ಕೆ ಔಷಧಿ ತೆಗೆದುಕೊಳ್ಳುವವರ ಜೇಬಿನಲ್ಲಿ ಬೆಲ್ಲದ ಚೂರಿರಲಿ. ವಾರಕ್ಕೆ ಕನಿಷ್ಠ 150 ನಿಮಿಷ ಇಂಥ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ.

ಆ ಅರ್ಧ ಗಂಟೆಯನ್ನು ಈಗ ನಾನು ಏಳು ಗಂಟೆಯ ಮೇಲೆ, ಎಳೆಬಿಸಿಲಿನಲ್ಲಿ ಕಳೆಯುತ್ತೇನೆ. ಐದೂವರೆಗೆ ಹೋಗಬೇಕೆಂದು ವೈದ್ಯರು ಹೇಳಿರಲಿಲ್ಲ, ಹವಾಮಾನ ಹೇಳಿರಲಿಲ್ಲ, ಹೇಳಿದ್ದು ನಾಚಿಕೆ. ಆ ನಾಚಿಕೆಯೇ ನನ್ನನ್ನು ಕತ್ತಲೆಗೆ ತಳ್ಳಿತು, ಕತ್ತಲೆ ಚಳಿಗೆ ತಳ್ಳಿತು, ಚಳಿಯ ನೆಪದ ಕೋಟು ಬೆವರಿಗೆ ತಳ್ಳಿತು, ಬೆವರು ಲಾರಿಯ ಮುಂದಕ್ಕೆ ತಳ್ಳಿತು. ಕೋಟನ್ನು ಕಳೆದು ಹಳದಿ ಅಂಗಿಯಲ್ಲಿ ಹೊರಟ ಮೊದಲ ದಿನ ಶಾಲೆಗೆ ಹೋಗುವ ಹುಡುಗರು ನಕ್ಕರು, ನಿಜ. ಒಂದು ವಾರ ನಕ್ಕರು. ಎರಡನೆಯ ವಾರ ನಮಸ್ಕಾರ ಸಾರ್ ಎಂದರು. ಮೂರನೆಯ ವಾರ ನೋಡುವುದನ್ನೇ ಬಿಟ್ಟರು.

ಎರಡು ಚಳಿಗಾಲಗಳು ಕಳೆದಿವೆ. ತೂಕ 98ಕ್ಕೆ ಇಳಿದಿದೆ. ತೆಳ್ಳಗಾದೆನೆಂದು ಹೇಳಿದರೆ ನನ್ನನ್ನು ಬಲ್ಲವರು ನಗುತ್ತಾರೆ. ಆದರೆ ಒಂದು ಏರನ್ನು ಇಳಿಯದೆ ಹತ್ತುತ್ತೇನೆ, ವೈದ್ಯರು ವರದಿ ನೋಡಿ ಹುಬ್ಬು ಗಂಟಿಕ್ಕುವುದಿಲ್ಲ. ಕಳೆದ ತಿಂಗಳು ನಮ್ಮ ಬೀದಿಯ ಇನ್ನೊಬ್ಬರು, ನನಗಿಂತ ದಪ್ಪನೆಯವರು, ಮೆಲ್ಲನೆ ಬಳಿಗೆ ಬಂದು, ಸೈಕಲ್ ತುಳಿಯಬೇಕೆಂದಿದ್ದೇನೆ, ಕತ್ತಲಿರುವಾಗಲೇ ಹೋಗಿಬರೋಣವೆ ಎಂದು ಕೇಳಿದರು. ಏಳು ಗಂಟೆಗೆ ಬನ್ನಿ ಎಂದೆ. ಬೂದು ಕೋಟು ಹಾಕಿಕೊಂಡೇ ಬಂದರು. ನಾನು ಏನೂ ಹೇಳಲಿಲ್ಲ. ಮೊದಲ ಏರಿನ ನಡುವೆ ಅವರೇ ಸೈಕಲ್ ನಿಲ್ಲಿಸಿ, ಕೋಟು ಬಿಚ್ಚಿ, ಮಡಿಸಿ ಹಿಂದಿನ ಕ್ಯಾರಿಯರಿಗೆ ಸಿಕ್ಕಿಸಿದರು.