ಹ್ಯಾಲೋವೀನ್: ಒಂದು ಹಬ್ಬದ ಹುಟ್ಟು ಮತ್ತು ವಲಸೆ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡ ವೇದಿಕೆಯಲ್ಲಿ ಐರ್ಲೆಂಡಿನ ಭೂತಗಳ ಹಬ್ಬದ ಮಾತೇಕೆ ಎಂದು ತಮಗೆ ಅನಿಸಬಹುದು. ಕಾರಣ ಇಷ್ಟೆ. ಅಮೆರಿಕದಲ್ಲಿ ನೆಲೆಸಿದ ನಮ್ಮ ಮನೆಗಳ ಮಕ್ಕಳು ಅಕ್ಟೋಬರ್ 31ರ ರಾತ್ರಿ ಮುಖವಾಡ ತೊಟ್ಟು ತೆಗೆಸಿಕೊಂಡ ಚಿತ್ರಗಳು ಪ್ರತಿವರ್ಷ ಇಲ್ಲಿಗೆ ಬರುತ್ತವೆ. ಅವನ್ನು ಕಂಡ ಇಲ್ಲಿಯ ಮಕ್ಕಳು, ಇದು ಯಾವ ಹಬ್ಬವೆಂದು ತರಗತಿಯಲ್ಲಿ ಕೇಳುತ್ತಾರೆ. ಉತ್ತರವನ್ನು ಅರಸುತ್ತ ಹೋದಾಗ, ಗಡಿನಾಡಿನವರಾದ ನಾವು ಮನಗಾಣಬೇಕಾದ ಸಂಗತಿಯೊಂದು ಅದರಲ್ಲಿ ಅಡಗಿದೆಯೆಂದು ನನಗೆ ತೋರಿತು.

ಮೊದಲು ಹೆಸರನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಸಂತ, ‘ಈವನ್’ ಎಂದರೆ ಸಂಜೆ. ನವೆಂಬರ್ 1 ಕ್ರೈಸ್ತರಿಗೆ ಸರ್ವ ಸಂತರ ದಿನ. ಅದರ ಹಿಂದಿನ ಸಂಜೆಯೇ ಹ್ಯಾಲೋವೀನ್. ಐರಿಷ್ ಭಾಷೆಯಲ್ಲಿ ಅದೇ ದಿನಕ್ಕೆ ‘ಸೌವಿನ್’ ಎಂಬ ಪ್ರಾಚೀನ ನಾಮವಿದೆ. ಕೇಳಿದೊಡನೆ ನಮ್ಮ ‘ಸಾವಿನ’ ಎಂಬ ಪದ ನೆನಪಾದರೂ ಅದು ಬರಿಯ ಶಬ್ದಸಾಮ್ಯ. ಬೇಸಗೆಯ ಹುಲ್ಲುಗಾವಲಿನಿಂದ ದನಗಳನ್ನು ಹಿಂದಕ್ಕೆ ಹೊಡೆದು ತಂದು ಚಳಿಗಾಲಕ್ಕೆ ಸಿದ್ಧರಾಗುವ ದಿನವದು. ಆ ರಾತ್ರಿ ದಿಬ್ಬಗಳ ಬಾಗಿಲು ತೆರೆದು ಅನ್ಯಲೋಕದವರು ಹೊರಬರುವರೆಂದು ಮಧ್ಯಯುಗದ ಐರಿಷ್ ಕಥೆಗಳು ಹೇಳುತ್ತವೆ.

8ನೆಯ ಶತಮಾನದಲ್ಲಿ ಮೂರನೆಯ ಗ್ರೆಗರಿ ಪೋಪರು ರೋಮಿನಲ್ಲಿ ಸರ್ವ ಸಂತರಿಗೆ ಒಂದು ಪ್ರಾರ್ಥನಾಮಂದಿರವನ್ನು ಅರ್ಪಿಸಿದರು. 835ರಲ್ಲಿ ನವೆಂಬರ್ 1ರ ಆಚರಣೆ ಫ್ರಾಂಕರ ಸಾಮ್ರಾಜ್ಯದಲ್ಲಿ ನೆಲೆಗೊಂಡಿತು. 10ನೆಯ ಶತಮಾನದ ಕೊನೆಗೆ ಕ್ಲೂನಿ ಮಠದ ಅಧಿಪತಿ ಓಡಿಲೋ, ನವೆಂಬರ್ 2ನ್ನು ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನವನ್ನಾಗಿ ವಿಧಿಸಿದನು. ಹಳೆಯ ಹಬ್ಬವನ್ನು ಮರೆಸಲೆಂದೇ ಚರ್ಚು ಈ ದಿನವನ್ನು ಆರಿಸಿತೆಂದು ಹಲವರು ಬರೆಯುತ್ತಾರೆ. ಆದರೆ ಐರ್ಲೆಂಡಿನ ಹಿಂದಿನ ಚರ್ಚು ಸರ್ವ ಸಂತರ ಹಬ್ಬವನ್ನು ಏಪ್ರಿಲ್ 20ರಂದು ಆಚರಿಸುತ್ತಿದ್ದುದರಿಂದ ಆ ಮಾತನ್ನು ಹಾಗೆಯೇ ಒಪ್ಪಲಾಗದು. ಹೇಗಿದ್ದರೂ ಋತುವಿನ ಹಬ್ಬವೂ ಮೃತರ ಸ್ಮರಣೆಯೂ ಒಂದೆಡೆ ಕೂಡಿದವು. ಭಾದ್ರಪದದ ಮಹಾಲಯದಲ್ಲಿ ಪಿತೃಗಳನ್ನು ನೆನೆಯುವ ನಮಗೆ ಈ ಭಾವ ಅಪರಿಚಿತವಲ್ಲ.

ಸ್ಕಾಟ್ಲೆಂಡಿನಲ್ಲಿಯೂ ಐರ್ಲೆಂಡಿನಲ್ಲಿಯೂ ಮಕ್ಕಳು ಮತ್ತು ಯುವಕರು ವೇಷ ಧರಿಸಿ ಮನೆಮನೆಗೆ ಹೋಗಿ, ಹಾಡಿ ಕುಣಿದು, ಹಣ್ಣು ಬೀಜಗಳನ್ನು ಪಡೆಯುತ್ತಿದ್ದರು. ಯುವತಿಯರು ಬೆಂಕಿಯಲ್ಲಿ ಬೀಜಗಳನ್ನು ಸುಟ್ಟು ಮದುವೆಯ ಶಕುನ ನೋಡುತ್ತಿದ್ದರು. ರಾಬರ್ಟ್ ಬರ್ನ್ಸ್ ಕವಿಯು 1785ರಲ್ಲಿ ರಚಿಸಿದ ‘ಹ್ಯಾಲೋವೀನ್’ ಎಂಬ ಕವನದಲ್ಲಿ ಈ ಪದ್ಧತಿಗಳ ವರ್ಣನೆಯಿದೆ. ಟರ್ನಿಪ್ ಎಂಬ ಗೆಡ್ಡೆಯನ್ನು ಕೊರೆದು, ವಿಕಾರವಾದ ಮುಖ ಕೆತ್ತಿ, ಒಳಗೆ ದೀಪವಿಡುತ್ತಿದ್ದರು. ಸೈತಾನನನ್ನು ವಂಚಿಸಿ, ಸ್ವರ್ಗಕ್ಕೂ ನರಕಕ್ಕೂ ಸಲ್ಲದೆ, ಕೆಂಡದ ದೀಪ ಹಿಡಿದು ಅಲೆಯುವ ಜಾಕ್ ಎಂಬವನ ಕಥೆಯೂ ಅದರೊಂದಿಗೆ ಬೆಳೆಯಿತು.

1845ರಿಂದ 1852ರವರೆಗೆ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ರೋಗಕ್ಕೆ ತುತ್ತಾಗಿ ಘೋರ ಕ್ಷಾಮ ಬಂದಿತು. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಅಮೆರಿಕ ಸೇರಿದವರೊಡನೆ ಹಬ್ಬವೂ ಕಡಲು ದಾಟಿತು. ಅಲ್ಲಿ ಟರ್ನಿಪ್ಪಿನ ಸ್ಥಾನಕ್ಕೆ ಆ ನೆಲದ ಸಿಹಿಗುಂಬಳ, ಎಂದರೆ ನಮ್ಮ ಮನೆಮಾತಿನ ಚೀನಿಕಾಯಿ, ಬಂದಿತು. ಕೊರೆಯಲು ಸುಲಭ, ದೀಪಕ್ಕೆ ವಿಶಾಲ. ‘ತಿನಿಸು ಕೊಡಿ, ಇಲ್ಲವಾದರೆ ಕೀಟಲೆ ಮಾಡುವೆವು’ ಎಂಬ ಮಕ್ಕಳ ಮಾತು 1920ರ ದಶಕದ ಕೆನಡಾ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಸಕ್ಕರೆಯ ಪಡಿತರ ಮುಗಿದ ಮೇಲೆ ಆ ರೂಢಿ ಅಮೆರಿಕದಾದ್ಯಂತ ಹರಡಿತು. 1950ರಲ್ಲಿ ಫಿಲಡೆಲ್ಫಿಯದಲ್ಲಿ ಆರಂಭವಾದಂತೆ, ಯುನಿಸೆಫ್‌ಗಾಗಿ ಬಡಮಕ್ಕಳ ನಿಧಿ ಕೂಡಿಸುವ ಪದ್ಧತಿಯೂ ಇದರಿಂದ ಹುಟ್ಟಿತು. ಈಗ ಆ ಗುಂಬಳದ ದೀಪ ಮರಳಿ ಐರ್ಲೆಂಡಿನ ಮನೆಗಳಿಗೇ ಬಂದಿದೆ.

ಬಂಧುಗಳೇ, ಹಬ್ಬ ಉಳಿಯಿತು. ಆದರೆ ಅದಕ್ಕೆ ಮೊದಲ ಹೆಸರಿಟ್ಟ ಭಾಷೆ ಏನಾಯಿತು? 1831ರಲ್ಲಿ ಆರಂಭವಾದ ಅಲ್ಲಿಯ ರಾಷ್ಟ್ರೀಯ ಶಾಲೆಗಳ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಐರಿಷ್ ಮಾತನಾಡುವ ಬಡ ಪ್ರದೇಶಗಳನ್ನೇ ಕ್ಷಾಮವು ಹೆಚ್ಚಾಗಿ ಬರಿದು ಮಾಡಿತು. 2022ರ ಜನಗಣತಿಯಲ್ಲಿ, ಐರಿಷ್ ಬಲ್ಲೆವೆಂದವರು 18 ಲಕ್ಷಕ್ಕೂ ಮಿಕ್ಕಿದ್ದರೂ ಶಾಲೆಯ ಹೊರಗೆ ಅದನ್ನು ದಿನವೂ ಆಡುವವರು ಸುಮಾರು 72,000 ಮಾತ್ರ. ಭೂತದ ವೇಷವನ್ನು ಜಗತ್ತೆಲ್ಲ ತೊಟ್ಟಿತು. ಆ ಭೂತಗಳ ಕಥೆ ಹೇಳಿದ ಅಜ್ಜಿಯ ಮಾತು ಬಹುಪಾಲು ಮನೆಗಳಲ್ಲಿ ನಿಂತುಹೋಯಿತು.

ಇದನ್ನರಿತ ಆ ದೇಶದವರು ಒಂದು ಕೆಲಸ ಮಾಡಿದರು. 1937ರಿಂದ 1939ರವರೆಗೆ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಹಿರಿಯರಿಂದ ಹಬ್ಬ, ಕಥೆ, ಮದ್ದು, ಗಾದೆಗಳನ್ನು ಕೇಳಿ ಬರೆದಿಟ್ಟರು. ಅದೆಲ್ಲ ಸೇರಿ ಸುಮಾರು 7,40,000 ಪುಟಗಳಾಗಿ ಇಂದಿಗೂ ಸುರಕ್ಷಿತವಾಗಿದೆ. ಇದನ್ನು ಸಾಧಿಸಿದವರು ಮಹಾಪಂಡಿತರಲ್ಲ. ಹಳ್ಳಿಯ ಉಪಾಧ್ಯಾಯರು ಮತ್ತು ಮಕ್ಕಳು.

ಆ ಜನರ ಸೌವಿನ್ ದಿನವಾದ ನವೆಂಬರ್ 1 ನಮಗೂ ಮರೆಯಲಾಗದ ದಿನ. 1956ರ ಆ ದಿನ ಕನ್ನಡ ನಾಡು ಒಂದಾಯಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಗೆರೆಯನ್ನು ಎಳೆಯುವುದು ನಮ್ಮ ಕೈಯಲ್ಲಿರಲಿಲ್ಲ. ಮನೆಯೊಳಗೆ ಯಾವ ಮಾತು ನಡೆಯಬೇಕೆಂಬುದು ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ. ಮಕ್ಕಳು ಮುಖವಾಡ ತೊಟ್ಟು ನಲಿದರೆ ನನಗೆ ಆಕ್ಷೇಪವಿಲ್ಲ. ಪರರ ಹಬ್ಬವನ್ನು ಅರಿಯುವುದು ವಿದ್ಯೆಯೇ. ಆದರೆ ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಕಳಂಜನ ವೇಷದ ಅರ್ಥವೇನು, ದೀಪಾವಳಿಯಂದು ಬಲೀಂದ್ರನನ್ನು ಕರೆಯುವುದೇಕೆ ಎಂದು ಅದೇ ಮಕ್ಕಳು ಅಜ್ಜಿಯನ್ನು ಕೇಳಲಿ. ಆಕೆ ತುಳುವಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಕೇಳಿದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಈ ವರ್ಷ ಒಂದೊಂದು ಮನೆಯಿಂದ ಒಂದೊಂದು ಪುಸ್ತಕ ಸಂಘದ ಕೈಸೇರಲಿ ಎಂಬುದೇ ನನ್ನ ಅರಿಕೆ. ಐರ್ಲೆಂಡಿನವರು ಈ ಕೆಲಸಕ್ಕೆ ತೊಡಗುವ ಹೊತ್ತಿಗೆ ಬಹಳ ಮನೆಗಳಲ್ಲಿ ಭಾಷೆ ಮೌನವಾಗಿತ್ತು. ನಮ್ಮ ಮನೆಗಳಲ್ಲಿ ಅದು ಇನ್ನೂ ಮಾತನಾಡುತ್ತಿದೆ.