ದ್ರಾವಕ ಬರೀ ಪಾತ್ರೆಯಲ್ಲ



ಐಹೊಳೆಯ ದುರ್ಗ ಗುಡಿಯ ಮರಳುಗಲ್ಲು ಮಳೆನೀರನ್ನು ಹೀರುತ್ತದೆ. ತಾವರೆ ಎಲೆಯ ಮೇಲೆ ಹನಿ ಜಾರಿಹೋಗುತ್ತದೆ. ಮಾನೊಮರ್‌ಗಳಲ್ಲೂ ಹೀಗೆಯೇ: ಅಕ್ರಿಲಮೈಡ್‌ಗೆ ನೀರೆಂದರೆ ಪ್ರೀತಿ, ಸ್ಟೈರೀನ್‌ಗೆ ನೀರು ಕಂಡರಾಗದು. ಇವೆರಡೂ ಒಂದೇ ಸರಪಳಿಯಲ್ಲಿ ಹೆಣೆದುಕೊಂಡರೆ ಅದು ಸಹಪಾಲಿಮರ್.

ಎರಡನ್ನೂ ಸಮನಾಗಿ ಬೆರೆಸಿದರೂ ಸರಪಳಿಯಲ್ಲಿ ಅವು ಸಮನಾಗಿ ಸೇರಬೇಕೆಂದಿಲ್ಲ. ಬೆಳೆಯುತ್ತಿರುವ ಸರಪಳಿಯು ತನಗೆ ಒಗ್ಗುವ ಮಾನೊಮರನ್ನೇ ಸುತ್ತ ಕೂಡಿಸಿಕೊಳ್ಳಬಲ್ಲದೆಂದು 1987ರಲ್ಲಿ ಅಮೆರಿಕದ ವಿಜ್ಞಾನಿ ಹಾರ್ವುಡ್ ವಿವರಿಸಿದರು. ದ್ರಾವಕ ಬದಲಾದರೆ ಈ ನೆರೆಹೊರೆಯೂ ಬದಲಾಗುತ್ತದೆ; ಅದರೊಡನೆ ಸರಪಳಿಯ ಗುಣವೂ.

ಕಲ್ಲಿಗೆ ಹಚ್ಚುವ ಲೇಪಕ್ಕೆ ಈ ಗುಣವೇ ಮುಖ್ಯ. ಲೇಪವು ಮಳೆಯನ್ನು ತಡೆಯಬೇಕು. ಒಳಗಿನ ತೇವವನ್ನು ಆವಿಯಾಗಿ ಹೊರಬಿಡಲೂ ಬೇಕು. ಬಿಡದಿದ್ದರೆ ಉಪ್ಪು ಲೇಪದ ಹಿಂದೆಯೇ ಹರಳುಗಟ್ಟಿ, ಶಿಲ್ಪದ ಮೇಲ್ಮೈಯನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಸುಮಾರು 1,300 ವರ್ಷ ಬಾಳಿದ ಕಲ್ಲಿಗೆ ಪಾಲಿಮರ್ ಹಚ್ಚುವ ಮೊದಲು, ಅದು ಯಾವ ದ್ರಾವಕದಲ್ಲಿ ಹುಟ್ಟಿತೆಂದು ಕೇಳಲೇಬೇಕು.