ಪಾಲಿಸಿ ಯಾರದ್ದು?



ಇವತ್ತು ವಿಮೆ ವಿಚಾರ ಮಾತಾಡೋಣ. "ಅದೆಲ್ಲ ಗಂಡಸರ ವ್ಯವಹಾರ, ನಮಗ್ಯಾಕೆ?" ಅಂತ ಕೆಲವರು ಅಂದುಕೊಂಡಿರಬಹುದು. ಗಂಡಸು ಸತ್ತ ಮೇಲೆ ಆ ಕಾಗದ ಹಿಡಿದು ಆಫೀಸಿಗೆ ಅಲೆಯೋರು ಯಾರಮ್ಮ? ನಾವೇ ಅಲ್ವಾ?

ವಿಮಾ ಪಾಲಿಸಿ ಅಂದರೆ ಒಂದು ಕರಾರು. ನಾವು ಕಂತು ಕಟ್ಟುತ್ತೇವೆ. ಸಾವು ಬಂದರೆ ಇಲ್ಲವೇ ಅವಧಿ ಮುಗಿದರೆ, ಕರಾರಿನಲ್ಲಿ ಬರೆದಂತೆ ಕಂಪನಿ ಹಣ ಕೊಡುತ್ತದೆ. ಈ ಕರಾರು ಯಾರ ಹೆಸರಿನಲ್ಲಿದೆಯೋ ಅವರು ಪಾಲಿಸಿದಾರರು. ಸತ್ತಾಗ ಹಣ ಯಾರ ಕೈಗೆ ಸೇರಬೇಕು ಅಂತ ಬರೆಸಿದ್ದಾರೋ ಅವರು ನಾಮಿನಿ. ಗಂಡನ ಪಾಲಿಸಿಗೆ ನೀವು ನಾಮಿನಿ ಆಗಿರಬಹುದು. ನಿಮ್ಮದೇ ಪಾಲಿಸಿ ಇದ್ದರೆ ನೀವೇ ಪಾಲಿಸಿದಾರರು.

ಪಾಲಿಸಿದಾರರ ಮೊದಲ ಕೆಲಸ ಕಂತು ಕಟ್ಟೋದು ಅಂತ ಎಲ್ಲರೂ ಹೇಳ್ತಾರೆ. ನಾನು ಹಾಗೆ ಹೇಳಲ್ಲ. ಮೊದಲ ಕೆಲಸ ಅರ್ಜಿ ಓದೋದು.

ಏಜೆಂಟ್ ಮನೆಗೆ ಬರ್ತಾನೆ. ಪರಿಚಯದವನೇ. "ಅಕ್ಕಾ, ಇಲ್ಲೊಂದು ಸಹಿ ಹಾಕಿ, ಉಳಿದಿದ್ದು ನಾನು ತುಂಬ್ತೀನಿ" ಅಂತಾನೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಸಕ್ಕರೆ ಕಾಯಿಲೆ ಇದೆಯೇ? ರಕ್ತದೊತ್ತಡ ಇದೆಯೇ? ನಿಮಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಾತ್ರೆ ನುಂಗ್ತಾ ಇದ್ದೀರಿ. ಅವನು ಬೇಗ ಕೆಲಸ ಆಗಲಿ ಅಂತ "ಇಲ್ಲ" ಅಂತ ಬರೆದುಬಿಡ್ತಾನೆ. ಕೆಳಗೆ ಸಹಿ ಯಾರದ್ದು? ನಿಮ್ಮದು. ಆ ಸುಳ್ಳು ಈಗ ನಿಮ್ಮ ಮಾತಾಯಿತು.

ಪಾಲಿಸಿ ಮಾಡಿಸಿ 3 ವರ್ಷದೊಳಗೆ ಸಾವು ಬಂದರೆ ಕಂಪನಿಯವರು ಹಳೆಯ ಆಸ್ಪತ್ರೆ ಚೀಟಿ ಕೇಳಬಹುದು. ಕಾಯಿಲೆ ಮುಚ್ಚಿಟ್ಟಿದ್ದು ಗೊತ್ತಾದರೆ ಮಕ್ಕಳಿಗೆ ಬರಬೇಕಾದ ಹಣ ತಪ್ಪಿಹೋಗಬಹುದು. 3 ವರ್ಷ ದಾಟಿದರೆ ಜೀವ ವಿಮೆಯಲ್ಲಿ ಆ ತಕರಾರು ತೆಗೆಯುವಂತಿಲ್ಲ, ಕಾನೂನು ಹಾಗಿದೆ. ಆದರೆ ಸಾವು ಲೆಕ್ಕ ನೋಡಿ ಬರೋದಿಲ್ಲ.

ಹೆಬ್ಬೆಟ್ಟು ಒತ್ತಿದವರ ಅರ್ಜಿಯಲ್ಲಿ ಇನ್ನೊಬ್ಬರು "ಎಲ್ಲವನ್ನೂ ಓದಿ ಹೇಳಿದ್ದೇನೆ" ಅಂತ ಬರೆದು ಸಹಿ ಹಾಕಬೇಕು. ಎಷ್ಟು ಕಡೆ ನಿಜವಾಗಿ ಓದಿ ಹೇಳಿದ್ದಾರೋ, ನಿಮಗೇ ಗೊತ್ತು! ಅರ್ಜಿ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಳಿಸಿಕೊಳ್ಳಿ. ಖಾಲಿ ಅರ್ಜಿಗೆ ಮಾತ್ರ ಸಹಿ ಬೇಡ.

ಪಾಲಿಸಿ ಕಾಗದ ಕೈಗೆ ಬಂದ ಮೇಲೂ 30 ದಿನ ಸಮಯ ಇದೆ. ಏಜೆಂಟ್ ಹೇಳಿದ್ದೇ ಒಂದು, ಕಾಗದದಲ್ಲಿ ಇರೋದೇ ಒಂದು ಅನ್ನಿಸಿದರೆ ವಾಪಸ್ ಕೊಡಬಹುದು. ಸ್ವಲ್ಪ ಖರ್ಚು ಮುರಿದುಕೊಂಡು ಉಳಿದ ಹಣ ಕೊಡುತ್ತಾರೆ.

ಕಂತಿನ ಮಾತು ಚಿಕ್ಕದು. ವರ್ಷದ ಕಂತಾದರೆ ತಾರೀಖು ದಾಟಿ 30 ದಿನ, ತಿಂಗಳ ಕಂತಾದರೆ 15 ದಿನ ಬಿಡುವು ಇರುತ್ತದೆ. ಏಜೆಂಟ್ ಕೈಗೆ ದುಡ್ಡು ಕೊಟ್ಟರೆ ಸಾಲದು, ಕಂಪನಿಯ ರಸೀದಿ ಬರಬೇಕು. ಪಾಲಿಸಿ ನಿಂತುಹೋಗಿ ಮತ್ತೆ ಶುರು ಮಾಡಿಸಿದರೆ ಆ 3 ವರ್ಷದ ಎಣಿಕೆಯೂ ಮೊದಲಿನಿಂದ ಶುರುವಾಗುತ್ತದೆ.

ಇನ್ನು ನಾಮಿನಿ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯಲ್ಲಿ ಗಂಡ ತನ್ನ ತಾಯಿಯ ಹೆಸರು ಬರೆಸಿರುತ್ತಾರೆ. ಮೂರು ಮಕ್ಕಳಾದರೂ ಅದೇ ಹೆಸರು. ಅತ್ತೆ ಒಳ್ಳೆಯವರೇ ಇರಬಹುದು. ಆದರೂ ಈ ಮಾತನ್ನು ಗಂಡ ಬದುಕಿದ್ದಾಗಲೇ ಆಡಬೇಕು. ಯಾಕೆಂದರೆ ಹೆಸರು ಬದಲಾಯಿಸುವ ಹಕ್ಕು ಪಾಲಿಸಿದಾರರಿಗೆ ಮಾತ್ರ. ಚಿಕ್ಕ ಮಗುವಿನ ಹೆಸರು ಬರೆಸಿದರೆ, ಮಗುವಿನ ಪರವಾಗಿ ಹಣ ತೆಗೆದುಕೊಳ್ಳುವ ದೊಡ್ಡವರ ಹೆಸರೂ ಬರೆಸಬೇಕು.

ಮನೆ ಮೇಲೆ ಸಾಲ ಇದೆಯಾ? ಹಾಗಾದರೆ ಇದನ್ನು ಕೇಳಿ. 1874ರ ಒಂದು ಹಳೇ ಕಾನೂನಿದೆ, ವಿವಾಹಿತ ಮಹಿಳೆಯರ ಆಸ್ತಿ ಕಾಯಿದೆ. ಪಾಲಿಸಿ ಮಾಡಿಸುವಾಗಲೇ ಗಂಡ ಅದರ ಪ್ರಕಾರ ಹೆಂಡತಿ ಮಕ್ಕಳಿಗೆ ಅಂತ ಬರೆಸಿದರೆ, ಆ ಹಣಕ್ಕೆ ಗಂಡನ ಸಾಲಗಾರರು ಕೈ ಹಾಕುವಂತಿಲ್ಲ.

ನಿಮ್ಮಲ್ಲಿ ಕೆಲವರು ಗೊತ್ತಿಲ್ಲದೇ ಪಾಲಿಸಿದಾರರಾಗಿದ್ದೀರಿ! ಬ್ಯಾಂಕಿನ ಪಾಸ್‌ಬುಕ್ ತೆಗೆದು ಮೇ ತಿಂಗಳ ಕೊನೆ ಸಾಲು ನೋಡಿ. 436 ರೂಪಾಯಿ ಮುರಿದಿದ್ದರೆ ಅದು ಜೀವನ ಜ್ಯೋತಿ ವಿಮೆ ಇರಬೇಕು. ಯಾವ ಕಾರಣದಿಂದ ಸತ್ತರೂ 2 ಲಕ್ಷ. ಹೊಸದಾಗಿ ಸೇರಿದ ಮೊದಲ 30 ದಿನ ಮಾತ್ರ ಅಪಘಾತದ ಸಾವಿಗಷ್ಟೇ. 20 ರೂಪಾಯಿ ಮುರಿದಿದ್ದರೆ ಸುರಕ್ಷಾ ವಿಮೆ. ಅಪಘಾತದಲ್ಲಿ ಸತ್ತರೆ 2 ಲಕ್ಷ. ಎರಡೂ 2015ರಲ್ಲಿ ಬಂದ ಯೋಜನೆಗಳು. ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಮನೆಯವರಿಗೆ ಹೇಳಿಡದಿದ್ದರೆ ಯಾರೂ ಹೋಗಿ ಕೇಳುವುದೂ ಇಲ್ಲ.

ಹಣ ಕೊಡಲ್ಲ ಅಂದರೆ ಮೊದಲು ಕಂಪನಿಗೇ ದೂರು ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ದೂರನ್ನು ನಿಮ್ಮ ಕೈಯಲ್ಲೇ ಬರೆಯಬಹುದು.

ಮುಂದಿನ ಸಲ ಬರುವಾಗ ಪೆಟ್ಟಿಗೆಯಲ್ಲಿರುವ ಪಾಲಿಸಿ ಕಾಗದ, ಪಾಸ್‌ಬುಕ್ ಎರಡನ್ನೂ ತನ್ನಿ. ನಾಮಿನಿ ಅಂತ ಬರೆದಿರುವ ಜಾಗದಲ್ಲಿ ಯಾರ ಹೆಸರಿದೆ ಅಂತ ಎಲ್ಲರೂ ಕೂತು ಓದೋಣ.